ಸ್ಟಾರ್ ಎಣಿಸುವ ಅಭಿಮಾನಿಗಳು: ಕಾಲೇಜು ಫುಟ್‌ಬಾಲಿನ ಹೊಸ ಹುಡುಗರ ಲೆಕ್ಕ ಕಗ್ಗಂಟಾಗಿದ್ದು ಹೇಗೆ?

ಡಿಸೆಂಬರ್ ಮೊದಲ ವಾರ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್ (ಇದು ಅಮೆರಿಕನ್ ಫುಟ್‌ಬಾಲ್, ಸಾಕರ್ ಅಲ್ಲ) ಅಭಿಮಾನಿಗಳಿಗೆ ಬೇರೆ ಯಾವುದರ ಮೇಲೂ ಗಮನ ಇರುವುದಿಲ್ಲ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಹುಡುಗರು ಮುಂದೆ ಯಾವ ಕಾಲೇಜಿಗೆ ಆಡುತ್ತೇವೆ ಅಂತ ಸಹಿ ಹಾಕುವ ಸಮಯ ಅದು. ಒಂದು ಕಾಲೇಜಿಗೆ ಒಂದು ವರ್ಷದಲ್ಲಿ ಹೀಗೆ ಸೇರುವ ಇಪ್ಪತ್ತು, ಇಪ್ಪತ್ತೈದು ಹುಡುಗರ ಗುಂಪಿಗೆ ರಿಕ್ರೂಟಿಂಗ್ ಕ್ಲಾಸ್ ಅನ್ನುತ್ತಾರೆ. ಸಂಜೆಯೊಳಗೆ ದೇಶದ ಎಲ್ಲ ದೊಡ್ಡ ಕಾಲೇಜುಗಳ ಕ್ಲಾಸಿಗೂ ರ‍್ಯಾಂಕ್ ಬಂದಿರುತ್ತದೆ. ಅಲ್ಲಿಂದ ವಾದ ಶುರು.

ಈ ವಾದ ಹಳೆಯದೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಅದು ಎಷ್ಟು ಗೋಜಲಾಗಿದೆ ಎಂದರೆ, ದಶಕಗಳಿಂದ ಆಟ ನೋಡುತ್ತಿರುವವರೂ ತಲೆ ಕೆರೆದುಕೊಳ್ಳುತ್ತಿದ್ದಾರೆ. "ಈ ಸಲ ನಮ್ಮ ಕ್ಲಾಸ್ ಹೇಗಿದೆ?" ಅಂತ ಕೇಳಿದರೆ ಒಬ್ಬರು ಸ್ಟಾರ್ ಲೆಕ್ಕ, ಅಂದರೆ ತಜ್ಞರು ಹುಡುಗರಿಗೆ ಕೊಟ್ಟ ರೇಟಿಂಗ್ ಲೆಕ್ಕ ಕೊಡುತ್ತಾರೆ. ಇನ್ನೊಬ್ಬರು ಪೋರ್ಟಲ್ (ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿ) ನೋಡಿ ಅನ್ನುತ್ತಾರೆ. ಮತ್ತೊಬ್ಬರು ಕಾಲೇಜಿನ ಹತ್ತಿರ ದುಡ್ಡೆಷ್ಟಿದೆ ಅಂತ ಕೇಳುತ್ತಾರೆ. ಡಲ್ಲಾಸ್, ಹ್ಯೂಸ್ಟನ್, ಕೊಲಂಬಸ್ ಕಡೆ ನೆಲೆಸಿ, ಮಕ್ಕಳನ್ನು ಇದೇ ಕಾಲೇಜುಗಳಿಗೆ ಕಳಿಸಿದ ಕನ್ನಡಿಗರಿಗೂ ಈ ಮಾತು ಕಿವಿಗೆ ಬಿದ್ದೇ ಇರುತ್ತದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳಬೇಕು.

ಮೊದಲು ಒಂದು ವ್ಯತ್ಯಾಸ. ಐಪಿಎಲ್ ಹರಾಜಿನಲ್ಲಿ ತಂಡ ಆಟಗಾರನನ್ನು ಕೊಳ್ಳುತ್ತದೆ. ಹರಾಜಿಗೆ ಹೆಸರು ಕೊಟ್ಟ ಮೇಲೆ ಯಾವ ತಂಡ ಅನ್ನುವುದು ಅವನ ಕೈಯಲ್ಲಿರುವುದಿಲ್ಲ. ಇಲ್ಲಿ ಹಾಗಲ್ಲ. ಹತ್ತಾರು ಕಾಲೇಜುಗಳು ಒಬ್ಬ ಹುಡುಗನ ಮನೆ ಬಾಗಿಲಿಗೆ ಬರುತ್ತವೆ, ಆರಿಸುವುದು ಹುಡುಗ. ಕೋಚ್‌ಗಳು ಅವನ ಅಮ್ಮನ ಜೊತೆ, ಅಜ್ಜಿಯ ಜೊತೆ ಕೂತು ಮಾತಾಡುತ್ತಾರೆ. ಇನ್ನೊಂದು ವಿಷಯ. ಹೈಸ್ಕೂಲ್ ಬಿಟ್ಟು ಮೂರು ವರ್ಷ ಆಗುವವರೆಗೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ವೃತ್ತಿಪರ ಆಟಕ್ಕೆ ಹೋಗಬೇಕೆನ್ನುವ ಹುಡುಗನಿಗೆ ಕಾಲೇಜು ಬಿಟ್ಟರೆ ಬೇರೆ ದಾರಿ ಇಲ್ಲ ಅಂತಲೇ ಹೇಳಬಹುದು.

ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಒಳ್ಳೆ ಆಟಗಾರರನ್ನು ಎಳೆದುಕೊಳ್ಳುವ ಪೈಪೋಟಿ ಸ್ವಲ್ಪ ವರ್ಷದಲ್ಲೇ ಶುರುವಾಯಿತು. 1929ರಲ್ಲಿ ಕಾರ್ನೆಗಿ ಫೌಂಡೇಶನ್ ವರದಿ ಬರುವ ಹೊತ್ತಿಗೆ, ಹುಡುಗರಿಗೆ ಒಳಗಿಂದೊಳಗೇ ದುಡ್ಡು ಕೊಡುವುದು ಎಲ್ಲ ಕಡೆ ಹಬ್ಬಿತ್ತು. 1956ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಆಟಕ್ಕಾಗಿಯೇ ಸ್ಕಾಲರ್‌ಶಿಪ್ ಕೊಡಲು ಒಪ್ಪಿತು. 1964ರಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಒಪ್ಪಂದ ಪತ್ರ ಬಂತು. ಅದಕ್ಕೆ ಸಹಿ ಹಾಕಿದ ಹುಡುಗನನ್ನು ಬೇರೆ ಕಾಲೇಜುಗಳು ಮಾತಾಡಿಸುವಂತಿರಲಿಲ್ಲ. ದಕ್ಷಿಣದ ಎಸ್‌ಇಸಿ ಒಕ್ಕೂಟದ ತಂಡಗಳಲ್ಲಿ ಕಪ್ಪು ಆಟಗಾರನೊಬ್ಬ ಮೈದಾನಕ್ಕೆ ಇಳಿಯುವುದಕ್ಕೆ 1967 ಬರಬೇಕಾಯಿತು. ಇವತ್ತು ಅಭಿಮಾನಿಗಳು ಬೆರಳೆಣಿಸಿ ಹೇಳುವ ದಕ್ಷಿಣದ ಎಷ್ಟೋ ಹೆಸರುಗಳಿಗೆ ಅದಕ್ಕೂ ಮುಂಚೆ ತಮ್ಮದೇ ರಾಜ್ಯದ ದೊಡ್ಡ ಕಾಲೇಜಿನಲ್ಲಿ ಜಾಗವೇ ಇರುತ್ತಿರಲಿಲ್ಲ.

ಅಭಿಮಾನಿಗಳ ಲೆಕ್ಕಾಚಾರಕ್ಕೆ ಬುನಾದಿ ಬಿದ್ದದ್ದು 1973ರಲ್ಲಿ. ಆ ವರ್ಷ ಎರಡು ನಿಯಮ ಬಂದವು. ಒಂದು, ತಂಡವೊಂದಕ್ಕೆ 105 ಸ್ಕಾಲರ್‌ಶಿಪ್ ಮಾತ್ರ. ಮುಂದೆ ಇದು 95ಕ್ಕೆ ಇಳಿದು, 1994ರ ಹೊತ್ತಿಗೆ 85ಕ್ಕೆ ನಿಂತಿತು. ಎರಡು, ಸ್ಕಾಲರ್‌ಶಿಪ್ ನಾಲ್ಕು ವರ್ಷಕ್ಕಲ್ಲ, ಒಂದೊಂದೇ ವರ್ಷಕ್ಕೆ. ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, ನವೀಕರಿಸದೆಯೂ ಇರಬಹುದಿತ್ತು. ಮೊದಲನೆಯದನ್ನು ಎಲ್ಲರೂ ನೆನಪಿಟ್ಟುಕೊಂಡರು. ಎರಡನೆಯದರ ಬಗ್ಗೆ ಆಗ ಹೆಚ್ಚು ಮಾತಾಗಲಿಲ್ಲ.

ಜಾಗಕ್ಕೆ ಮಿತಿ ಬಂದಾಗ ಒಂದೊಂದು ಜಾಗಕ್ಕೂ ಬೆಲೆ ಬಂತು. ಯಾರು ಬರುತ್ತಿದ್ದಾರೆ, ಎಷ್ಟು ಚೆನ್ನಾಗಿ ಆಡುತ್ತಾರೆ ಅಂತ ತಿಳಿಯುವ ಆಸೆ ಜನರಿಗೆ ಹುಟ್ಟಿತು. ಟಾಮ್ ಲೆಮ್ಮಿಂಗ್ ಅಂಥವರು ಕಾರು ಹತ್ತಿ ಊರೂರು ಸುತ್ತಿ, ಹೈಸ್ಕೂಲ್ ಹುಡುಗರನ್ನು ನೋಡಿ ಬರೆದ ಪತ್ರಿಕೆಗಳು ಅಂಚೆಯಲ್ಲಿ ಬರುತ್ತಿದ್ದವು. ನಿಮಿಷಕ್ಕಿಷ್ಟು ಅಂತ ದುಡ್ಡು ಕೊಟ್ಟು ಫೋನಿನಲ್ಲಿ ರಿಕ್ರೂಟಿಂಗ್ ಸುದ್ದಿ ಕೇಳುವವರಿದ್ದರು. ಆಗ ಡಿಸೆಂಬರ್ ಅಲ್ಲ, ಫೆಬ್ರವರಿಯ ಮೊದಲ ಬುಧವಾರ ಸೈನಿಂಗ್ ಡೇ, ಅಂದರೆ ಸಹಿ ಹಾಕುವ ದಿನ. ಸಹಿ ಹಾಕಿದ ಕಾಗದ ಬರುತ್ತಿದ್ದದ್ದು ಫ್ಯಾಕ್ಸ್‌ನಲ್ಲಿ. ಬೆಳಗಿನ ಜಾವದಿಂದಲೇ ಕೋಚ್‌ಗಳು ಫ್ಯಾಕ್ಸ್ ಮಷೀನ್ ಸುತ್ತ ನಿಂತಿರುತ್ತಿದ್ದರು. ಪ್ರಪಂಚವೆಲ್ಲ ಇಮೇಲಿಗೆ ಹೋದ ಮೇಲೂ ಕಾಲೇಜು ಫುಟ್‌ಬಾಲ್ ಫ್ಯಾಕ್ಸ್ ಬಿಡಲಿಲ್ಲ. ಕಾಗದ ಒಂದೊಂದಾಗಿ ಹೊರಗೆ ಬರುವುದನ್ನು ತೋರಿಸಲು ಮಷೀನ್ ಎದುರು ಕ್ಯಾಮೆರಾ ಇಟ್ಟ ಕಾಲೇಜುಗಳೂ ಇದ್ದವು. ಹೈಸ್ಕೂಲಿನ ಜಿಮ್‌ನಲ್ಲಿ ಹುಡುಗ ಮೂರ್ನಾಲ್ಕು ಕಾಲೇಜುಗಳ ಟೋಪಿ ಮೇಜಿನ ಮೇಲಿಟ್ಟು, ಒಂದಕ್ಕೆ ಕೈ ಚಾಚಿ, ಸುಮ್ನೆ ಹಿಂದೆ ತೆಗೆದು, ಇನ್ನೊಂದನ್ನು ತಲೆಗೆ ಹಾಕಿಕೊಳ್ಳುವ ಆಟವೂ ಹೀಗೇ ಬೆಳೆಯಿತು.

1998ರಲ್ಲಿ ಹುಡುಗರಿಗೆ ರೇಟಿಂಗ್ ಕೊಡುವ ರೈವಲ್ಸ್ ಎಂಬ ವೆಬ್‌ಸೈಟ್ ಶುರುವಾಯಿತು. ಆಮೇಲೆ ಸ್ಕೌಟ್ ಬಂತು, ಇಎಸ್‌ಪಿಎನ್ ಬಂತು, 2010ರಲ್ಲಿ 247 ಸ್ಪೋರ್ಟ್ಸ್ ಬಂತು. ಈಗಿನ ವಾದಗಳ ಬೇರುಗಳೆಲ್ಲ ಈ ಕಾಲದಲ್ಲಿವೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಸ್ಟಾರ್ ಕೊಡುವುದು ಹೀಗೆ. ತಜ್ಞರು ಹುಡುಗನ ಪಂದ್ಯದ ವಿಡಿಯೋ ನೋಡುತ್ತಾರೆ. ಕ್ಯಾಂಪಿನಲ್ಲಿ ಎತ್ತರ, ತೂಕ, ಕೈಯ ಉದ್ದ, 40 ಗಜ ಓಡಲು ಹಿಡಿಯುವ ಸಮಯ ಅಳೆಯುತ್ತಾರೆ. ಎರಡರಿಂದ ಐದರವರೆಗೆ ಸ್ಟಾರ್ ಕೊಡುತ್ತಾರೆ. 247 ಸ್ಪೋರ್ಟ್ಸ್ ಲೆಕ್ಕದಲ್ಲಿ ಒಂದು ವರ್ಷಕ್ಕೆ ಐದು ಸ್ಟಾರ್ ಸಿಗುವುದು ಸುಮಾರು 32 ಹುಡುಗರಿಗೆ. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಜಾಗ ಇರುವುದರಿಂದ ಈ ಸಂಖ್ಯೆ. ಬೇರೆ ಬೇರೆ ಕಂಪನಿಗಳ ರೇಟಿಂಗ್ ಸೇರಿಸಿದ ಕಾಂಪೋಸಿಟ್ ಅಂಕ ಇನ್ನೊಂದಿದೆ. ತಂಡದ ಮೊತ್ತ ಹಾಕುವಾಗ ಎಲ್ಲ ಹುಡುಗರಿಗೂ ಒಂದೇ ತೂಕ ಇಲ್ಲ. ಅತ್ಯುತ್ತಮ ಹುಡುಗರ ಅಂಕ ಹೆಚ್ಚುಕಮ್ಮಿ ಪೂರ್ತಿ ಸೇರುತ್ತದೆ, ಕೆಳಗೆ ಹೋದಂತೆ ಸೇರುವ ಪಾಲು ಕಡಿಮೆಯಾಗುತ್ತದೆ. ಬರೀ ತಲೆ ಜಾಸ್ತಿ ಮಾಡಿಕೊಂಡು ಮೇಲೆ ಬರುವುದು ಬೇಡ ಅಂತ ಹೀಗೆ.

ಅಭಿಮಾನಿಗಳ ದೊಡ್ಡ ಜಗಳ ಇಲ್ಲೇ. "ಸ್ಟಾರ್ ಎಲ್ಲ ಸುಳ್ಳು" ಅನ್ನುವವರ ಹತ್ತಿರ ಒಳ್ಳೆ ಹೆಸರುಗಳಿವೆ. ಜೆ.ಜೆ. ವಾಟ್ ಎರಡು ಸ್ಟಾರ್ ಹುಡುಗ. ಸೆಂಟ್ರಲ್ ಮಿಷಿಗನ್ ಬಿಟ್ಟು, ಸ್ಕಾಲರ್‌ಶಿಪ್ ಇಲ್ಲದೆ ವಿಸ್ಕಾನ್ಸಿನ್ ತಂಡಕ್ಕೆ ಬಂದು ಸೇರಿದರು. ಎನ್‌ಎಫ್‌ಎಲ್‌ನಲ್ಲಿ ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಆದರು. ಮುಂದೆ ಎನ್‌ಎಫ್‌ಎಲ್ ತಾರೆಯಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಜಾಶ್ ಆಲೆನ್ ಹೈಸ್ಕೂಲ್ ಮುಗಿಸಿದಾಗ ಯಾವ ದೊಡ್ಡ ಕಾಲೇಜೂ ಕರೆಯಲಿಲ್ಲ. ಕ್ಯಾಲಿಫೋರ್ನಿಯಾದ ಸಣ್ಣ ಕಾಲೇಜೊಂದರಲ್ಲಿ ಆಡಿ ವಯೋಮಿಂಗ್‌ಗೆ ಹೋಗಬೇಕಾಯಿತು.

ಹೆಸರು ಹಿಡಿದು ವಾದ ಮಾಡಿದರೆ ಅವರೇ ಗೆಲ್ಲುತ್ತಾರೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ವರ್ಷಕ್ಕೆ ಐದು ಸ್ಟಾರ್ ಹುಡುಗರು ಮೂವತ್ತು ಚಿಲ್ಲರೆ, ಮೂರು ಸ್ಟಾರ್ ಹುಡುಗರು ಸಾವಿರಗಟ್ಟಲೆ. ಡ್ರಾಫ್ಟ್ ಪಟ್ಟಿಯಲ್ಲಿ ಮೂರು ಸ್ಟಾರ್ ಹೆಸರುಗಳು ತುಂಬಿರುವುದು ಅವರ ಸಂಖ್ಯೆ ಅಷ್ಟಿರುವುದರಿಂದ. ಒಬ್ಬೊಬ್ಬರ ಅವಕಾಶ ನೋಡಿದರೆ ಐದು ಸ್ಟಾರ್ ಹುಡುಗ ಎಷ್ಟೋ ಮುಂದೆ ಇರುತ್ತಾನೆ. ಬಡ್ ಎಲಿಯಟ್ ಎಂಬ ಪತ್ರಕರ್ತರು ತಂದ ಬ್ಲೂ ಚಿಪ್ ರೇಶಿಯೋ ಇದನ್ನೇ ತಂಡಕ್ಕೆ ಅನ್ವಯಿಸಿತು. ನಾಲ್ಕು ವರ್ಷದ ಕ್ಲಾಸುಗಳನ್ನು ಕೂಡಿಸಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾಲ್ಕು, ಐದು ಸ್ಟಾರ್ ಹುಡುಗರಿದ್ದರೆ ಮಾತ್ರ ಚಾಂಪಿಯನ್ ಆಗುವ ಶಕ್ತಿ ಇದೆ ಅಂತ. ವರ್ಷಗಟ್ಟಲೆ ಅದು ಅಚ್ಚುಕಟ್ಟಾಗಿ ಹೊಂದಿಕೊಂಡು ಬಂತು.

ಯಾಕೆ ಹೊಂದಿಕೊಂಡಿತು ಅಂತ ಮಾತ್ರ ಆಗ ಯಾರೂ ಜಾಸ್ತಿ ಕೇಳಲಿಲ್ಲ. ನಾಲ್ಕು ವರ್ಷ ಕೂಡಿಸಿದರೆ ತಂಡ ಸಿಗುತ್ತಿತ್ತು, ಏಕೆಂದರೆ ಬಂದ ಹುಡುಗ ಎಲ್ಲೂ ಹೋಗುವಂತಿರಲಿಲ್ಲ. ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು. ಅವನನ್ನು ಕರೆತಂದ ಕೋಚ್ ಮಾತ್ರ ಸಹಿ ಆದ ಮರುವಾರವೇ ಬೇರೆ ಕಾಲೇಜಿಗೆ ಹೋಗಬಹುದಿತ್ತು. ಹೋದವರೂ ಇದ್ದರು. 2009ರಲ್ಲಿ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ಒಂದೇ ವರ್ಷ 37 ಹುಡುಗರಿಂದ ಸಹಿ ಹಾಕಿಸಿತು. ವರ್ಷಕ್ಕೆ ಸೇರಿಸಿಕೊಳ್ಳಲು ಅವಕಾಶ ಇದ್ದದ್ದು 25 ಜನರಿಗೆ. ಎಸ್‌ಇಸಿ ಆಮೇಲೆ ಸಹಿಗೇ 28ರ ಮಿತಿ ಹಾಕಿತು, ಮುಂದೆ ಅದು 25 ಆಯಿತು. ಒಟ್ಟು 85ರ ಮಿತಿಯಲ್ಲಿ ಹೊಸಬರಿಗೆ ಜಾಗ ಸಾಲದಿದ್ದರೆ ಹಳಬರಲ್ಲಿ ಯಾರದಾದರೂ ಸ್ಕಾಲರ್‌ಶಿಪ್ ನವೀಕರಣ ಆಗುತ್ತಿರಲಿಲ್ಲ. 1973ರ ಆ ಎರಡನೇ ನಿಯಮ ಕೆಲಸ ಮಾಡಿದ್ದು ಹೀಗೆ. ಸ್ಟಾರ್ ಎಣಿಸುವಾಗ ಒಳಗೆ ಬಂದವರ ಲೆಕ್ಕ ಇತ್ತು, ಜಾಗ ಬಿಟ್ಟುಕೊಟ್ಟ ಹುಡುಗರ ಲೆಕ್ಕ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅಭಿಮಾನಿಗಳ ಗಣಿತ ನಿಖರವಾಗಿತ್ತು ನಿಜ. ಆ ನಿಖರತೆಗೆ ಬೆಲೆ ತೆತ್ತವರು ಹುಡುಗರು, ಅಲ್ವಾ?

ಬದಲಾವಣೆ ಬಂದಾಗ ಒಟ್ಟಿಗೇ ಬಂತು. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕೂರಬೇಕಿಲ್ಲ ಅಂತ ಆಯಿತು. ಅದೇ ವರ್ಷ ಜುಲೈ 1ರಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ದುಡಿಯಬಹುದು ಅಂತಾಯಿತು. ಇದಕ್ಕೇ ಎನ್‌ಐಎಲ್ ಅನ್ನುವುದು. ಆ ಡಿಸೆಂಬರ್‌ನಲ್ಲೇ ದೇಶದ ಅಗ್ರ ರ‍್ಯಾಂಕಿನ ಟ್ರಾವಿಸ್ ಹಂಟರ್, ಫ್ಲಾರಿಡಾ ಸ್ಟೇಟ್‌ಗೆ ಕೊಟ್ಟ ಮಾತು ಬಿಟ್ಟು ಜಾಕ್ಸನ್ ಸ್ಟೇಟ್ ಟೋಪಿ ಹಾಕಿಕೊಂಡರು. ಐತಿಹಾಸಿಕವಾಗಿ ಕಪ್ಪು ವಿದ್ಯಾರ್ಥಿಗಳ ಕಾಲೇಜು ಅದು. ಆಮೇಲೆ ತಮ್ಮ ಕೋಚ್ ಜೊತೆ ಕೊಲರಾಡೋಗೆ ಹೋಗಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ 2024ರ ಹೈಸ್‌ಮನ್ ಟ್ರೋಫಿ ಗೆದ್ದರು.

ಆದರೆ ಈ ಕಾಲದ ಕಥೆ ಪೂರ್ತಿ ಕಾಣುವುದು ಟೆಕ್ಸಸ್ ಎ ಅಂಡ್ ಎಂನ 2022ರ ಕ್ಲಾಸಿನಲ್ಲಿ. 247 ಸ್ಪೋರ್ಟ್ಸ್ ಲೆಕ್ಕ ಶುರುವಾದಾಗಿನಿಂದ ಅಷ್ಟು ಅಂಕ ಯಾವ ಕ್ಲಾಸಿಗೂ ಬಂದಿರಲಿಲ್ಲ. ಲಕ್ಷಕ್ಕೂ ಹೆಚ್ಚು ಜನ ಕೂರುವ ಕೈಲ್ ಫೀಲ್ಡ್‌ನ ಅಭಿಮಾನಿಗಳಿಗೆ ಚಾಂಪಿಯನ್‌ಶಿಪ್ ಕೈಗೆ ಬಂದಂತೆಯೇ ಅನ್ನಿಸಿತು. ಸೆಪ್ಟೆಂಬರ್‌ನಲ್ಲಿ ಅದೇ ಮೈದಾನದಲ್ಲಿ ಅಪಲೇಚಿಯನ್ ಸ್ಟೇಟ್ ಎದುರು ತಂಡ 17-14ರಿಂದ ಸೋತಿತು. ಸೀಸನ್ ಮುಗಿದಾಗ 5 ಗೆಲುವು, 7 ಸೋಲು. ಮುಂದಿನ ವರ್ಷ ನವೆಂಬರ್‌ನಲ್ಲಿ ಕೋಚ್ ಅವರನ್ನು ತೆಗೆದರು. ಒಪ್ಪಂದದಂತೆ ಕೊಡಬೇಕಾಗಿ ಬಂದ ಮೊತ್ತ ಏಳೂವರೆ ಕೋಟಿ ಡಾಲರ್‌ಗಿಂತ ಜಾಸ್ತಿ. ಹುಡುಗರು ಪೋರ್ಟಲ್ ಹಿಡಿದು ಚದುರಿದರು. ವಾಲ್ಟರ್ ನೋಲೆನ್ ಓಲ್ ಮಿಸ್‌ಗೆ, ಎವನ್ ಸ್ಟುವರ್ಟ್ ಆರೆಗನ್‌ಗೆ, ಕ್ವಾರ್ಟರ್‌ಬ್ಯಾಕ್ ಕಾನರ್ ವೈಗ್‌ಮನ್ ಕೊನೆಗೆ ಹ್ಯೂಸ್ಟನ್‌ಗೆ.

ಆ ಕ್ಲಾಸಿಗೆ ಸ್ಟಾರ್ ಕೊಟ್ಟವರೆಲ್ಲ ತಪ್ಪಿದರು ಅಂತ ಇವತ್ತಿಗೂ ಹೇಳುತ್ತಾರೆ. 2025ರ ಎನ್‌ಎಫ್‌ಎಲ್ ಡ್ರಾಫ್ಟ್ ನೋಡಿ. 16ನೇ ಆಯ್ಕೆ ವಾಲ್ಟರ್ ನೋಲೆನ್. 17ನೇ ಆಯ್ಕೆ ಶೆಮಾರ್ ಸ್ಟುವರ್ಟ್, ಅದೇ ಕ್ಲಾಸಿನಲ್ಲಿ ಬಂದು ಎ ಅಂಡ್ ಎಂನಲ್ಲೇ ಉಳಿದ ಹುಡುಗ. ಇಬ್ಬರ ವಿಷಯದಲ್ಲೂ ಅಂದಾಜು ಸರಿಯಾಗಿಯೇ ಇತ್ತು. ಅವರೆಲ್ಲ ಒಂದೇ ಅಂಗಿಯಲ್ಲಿ ಕೊನೆಯವರೆಗೆ ಆಡುತ್ತಾರೆ ಅನ್ನುವ ಊಹೆ ಮಾತ್ರ ನಿಲ್ಲಲಿಲ್ಲ. ಆ ಊಹೆ ಸ್ಟಾರ್ ಕೊಟ್ಟವರದ್ದಲ್ಲ, ಹಳೇ ನಿಯಮಗಳದ್ದು.

ಎರಡು ವರ್ಷ ಕಳೆದ ಮೇಲೆ ಇಂಡಿಯಾನಾದಲ್ಲಿ ಇದಕ್ಕೆ ಉಲ್ಟಾ ಆಯಿತು. ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಜೇಮ್ಸ್ ಮ್ಯಾಡಿಸನ್‌ನಿಂದ ಬರುವಾಗ ಅಲ್ಲಿನ ಹಲವು ಆಟಗಾರರೂ ಹಿಂದೆಯೇ ಬಂದರು. ಪೋರ್ಟಲ್‌ನಿಂದ ಇನ್ನಷ್ಟು ಜನ. ಹೈಸ್ಕೂಲ್ ರ‍್ಯಾಂಕಿಂಗ್‌ನಲ್ಲಿ ಯಾರೂ ಲೆಕ್ಕಕ್ಕಿಡದ ತಂಡ 2024ರಲ್ಲಿ ಲೀಗ್ ಹಂತದ 12 ಪಂದ್ಯಗಳಲ್ಲಿ 11 ಗೆದ್ದು ಪ್ಲೇಆಫ್‌ಗೆ ಹೋಯಿತು. ಈಗ ಪೋರ್ಟಲ್ ಕ್ಲಾಸಿಗೂ ಬೇರೆ ರ‍್ಯಾಂಕ್ ನೋಡುತ್ತಾರೆ, ಎರಡನ್ನೂ ಸೇರಿಸಿದ ರ‍್ಯಾಂಕ್ ಇನ್ನೊಂದು. ಹೊಸಬರು ಯಾರು ಅನ್ನುವುದಕ್ಕಿಂತ ಹಳಬರಲ್ಲಿ ಯಾರು ಉಳಿದರು ಅನ್ನುವುದೇ ದೊಡ್ಡ ಸುದ್ದಿ ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ.

2024ರ ಅಕ್ಟೋಬರ್‌ನಲ್ಲಿ ಅರವತ್ತು ವರ್ಷದ ಲೆಟರ್ ಆಫ್ ಇಂಟೆಂಟ್ ಅನ್ನೇ ರದ್ದು ಮಾಡಿದರು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಯಾವ ಹುಡುಗನಿಗೆ ಎಷ್ಟು ಅಂತ ಸಾಮಾನ್ಯವಾಗಿ ಕಾಲೇಜುಗಳು ಹೊರಗೆ ಹೇಳುವುದಿಲ್ಲ. ಹಾಗಾಗಿ ಕ್ಲಾಸನ್ನು ಅಳೆಯಲು ಬೇಕಾದ ಮುಖ್ಯ ಅಂಕಿಯೇ ಅಭಿಮಾನಿಗಳ ಕೈಗೆ ಸಿಗುತ್ತಿಲ್ಲ.

ಅದೇ ಒಪ್ಪಂದದಲ್ಲಿ ಇನ್ನೊಂದು ಷರತ್ತಿದೆ. 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಯಿತು. ಅದರ ಬದಲು ಇಡೀ ತಂಡದಲ್ಲಿ 105 ಜನರಿಗಿಂತ ಹೆಚ್ಚು ಇರುವಂತಿಲ್ಲ. ಮೊದಲು ಸ್ಕಾಲರ್‌ಶಿಪ್ ಇಲ್ಲದ ವಾಕ್-ಆನ್ ಹುಡುಗರೂ ಸೇರಿ ಎಷ್ಟೋ ತಂಡಗಳಲ್ಲಿ 120ರ ಆಚೆ ಇರುತ್ತಿದ್ದರು. ಜಾಗ ಕಳೆದುಕೊಳ್ಳುವ ಹುಡುಗರ ಬಗ್ಗೆ ನ್ಯಾಯಾಲಯದಲ್ಲಿ ಆಕ್ಷೇಪ ಬಂದು, ಒಪ್ಪಿಗೆ ಕೆಲವು ವಾರ ತಡವಾಯಿತು. ಆಗ ತಂಡದಲ್ಲಿದ್ದವರಿಗೆ ರಿಯಾಯಿತಿ ಸಿಕ್ಕಿತು. ಮುಂದೆ ಬರುವವರಿಗೆ ಅದು ಇಲ್ಲ. ವಿಸ್ಕಾನ್ಸಿನ್‌ಗೆ ವಾಟ್ ಬಂದದ್ದು ವಾಕ್-ಆನ್ ಆಗಿ. ಟೆಕ್ಸಸ್ ಟೆಕ್‌ಗೂ ಆಮೇಲೆ ಓಕ್ಲಹೋಮಕ್ಕೂ ಅದೇ ದಾರಿಯಲ್ಲಿ ಬಂದ ಬೇಕರ್ ಮೇಫೀಲ್ಡ್ 2017ರ ಹೈಸ್‌ಮನ್ ಗೆದ್ದರು. ಡಿಸೆಂಬರ್‌ನ ಯಾವ ರ‍್ಯಾಂಕಿಂಗೂ ಅಂಥ ಹುಡುಗರನ್ನು ಎಂದೂ ಎಣಿಸಿರಲಿಲ್ಲ. ಈಗ ಅವರು ನಿಲ್ಲುತ್ತಿದ್ದ ಜಾಗವೇ ಕಡಿಮೆಯಾಗಿದೆ.