ಹುಳಿ ಮಣ್ಣಿನ ನೀಲಿ ಹಣ್ಣು

ಒಂದು ಬ್ಲೂಬೆರಿಯನ್ನು ಎರಡು ಬೆರಳ ನಡುವೆ ಹಿಡಿದು ಹಿಸುಕಿ ನೋಡಿ. ಒಳಗಿನ ತಿರುಳು ತಿಳಿಹಸಿರು. ಸಿಪ್ಪೆಯಿಂದ ಬೆರಳಿಗೆ ಅಂಟಿದ ರಸ ಕಡುಗೆಂಪು. ನೀಲಿ ಎಲ್ಲೂ ಇಲ್ಲ. ಇನ್ನೊಂದು ಹಣ್ಣು ತಗೊಂಡು ಸಿಪ್ಪೆಯನ್ನು ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಇದ್ದ ನೀಲಿಯೂ ಹೋಗಿ ಕಪ್ಪಗೆ ಮಿಂಚತೊಡಗುತ್ತದೆ.

ಆ ನೀಲಿ ಇರುವುದು ಸಿಪ್ಪೆಯ ಮೇಲೆ ಬೂದಿ ಹಚ್ಚಿದಂತೆ ಕಾಣುವ ತೆಳು ಮೇಣದಲ್ಲಿ. ವಿಚಿತ್ರ ಅಂದ್ರೆ ಮೇಣಕ್ಕೆ ಸ್ವಂತ ಬಣ್ಣವೇ ಇಲ್ಲ. ಅದರ ಅತಿ ಸಣ್ಣ ಹರಳುಗಳು ಬೆಳಕಿನ ನೀಲಿ ಭಾಗವನ್ನೂ ಅತಿನೇರಳೆ ಭಾಗವನ್ನೂ ಚದುರಿಸುತ್ತವೆ. ಉಳಿದ ಬೆಳಕನ್ನು ಕೆಳಗಿನ ಕಡುಬಣ್ಣದ ಸಿಪ್ಪೆ ಹೀರಿಕೊಳ್ಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇದನ್ನು ತೋರಿಸಿಕೊಟ್ಟರು. ಮೇಣವನ್ನು ಬೇರ್ಪಡಿಸಿ ಮತ್ತೆ ಹರಳುಗಟ್ಟಲು ಬಿಟ್ಟಾಗ ನೀಲಿ ಮತ್ತೆ ಮೂಡಿತು. ಹಕ್ಕಿಗಳ ಕಣ್ಣಿಗೆ ಅತಿನೇರಳೆಯೂ ಕಾಣುತ್ತದೆ. ಹಾಗಾಗಿ ಅವುಗಳಿಗೆ ಈ ಹಣ್ಣು ನಮಗಿಂತ ಎದ್ದು ಕಾಣುತ್ತಿರಬೇಕು.

ಈ ಮೇಣ ಹಣ್ಣಿನ ತೇವವನ್ನೂ ಕಾಪಾಡುತ್ತದೆ. ಕೈ ಬದಲಾಗುತ್ತಾ, ಡಬ್ಬಿಯಲ್ಲಿ ಉರುಳಾಡುತ್ತಾ ದೂರದಿಂದ ಬಂದ ಹಣ್ಣಿನಲ್ಲಿ ಅದು ಅಲ್ಲಲ್ಲಿ ಅಳಿಸಿಹೋಗಿರುತ್ತದೆ. ಹತ್ತಿರದ ತೋಟದಿಂದ ಬಂದದ್ದರಲ್ಲಿ ಹಾಗೇ ಉಳಿದಿರುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರು ಈ ವಿಷಯದಲ್ಲಿ ಅದೃಷ್ಟವಂತರು. ಕಾಡಿನ ಬ್ಲೂಬೆರಿ ಮೊದಲ ಬಾರಿ ತೋಟದ ಬೆಳೆಯಾಗಿದ್ದು ಅವರ ಮನೆಯಿಂದ ಒಂದೆರಡು ಗಂಟೆ ದಾರಿಯಲ್ಲೇ. ಅದೂ ನೂರು ಚಿಲ್ಲರೆ ವರ್ಷದ ಹಿಂದೆ ಅಷ್ಟೇ.

ತಿನ್ನುವುದು ಮಾತ್ರ ಬಹಳ ಹಳೆಯದು. ಉತ್ತರ ಅಮೆರಿಕದ ಮೂಲನಿವಾಸಿಗಳು ಕಾಡಿನ ಹಣ್ಣನ್ನು ಬಿಸಿಲಲ್ಲಿ ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಫ್ರೆಂಚ್ ಪ್ರಯಾಣಿಕ ಸ್ಯಾಮುಯೆಲ್ ಡಿ ಶಾಂಪ್ಲೇನ್ 1615ರಲ್ಲಿ ಹ್ಯೂರಾನ್ ಸರೋವರದ ಕಡೆ ಇದನ್ನು ಕಂಡು ಬರೆದಿಟ್ಟಿದ್ದಾನೆ. ಒಣಗಿದ ಹಣ್ಣನ್ನು ಮೆಕ್ಕೆಜೋಳದ ನುಚ್ಚಿನ ಜೊತೆ ಬೇಯಿಸುತ್ತಿದ್ದರು, ಒಣ ಮಾಂಸ ಮತ್ತು ಕೊಬ್ಬಿನ ಜೊತೆ ಕುಟ್ಟಿ ದಾರಿಬುತ್ತಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಬಂದ ಯುರೋಪಿನವರೂ ಕಾಡಿಗೆ ಹೋಗಿ ಕಿತ್ತು ತರುತ್ತಿದ್ದರೇ ಹೊರತು ನೆಟ್ಟು ಬೆಳೆಯಲಿಲ್ಲ. ಪ್ರಯತ್ನ ಮಾಡಿದವರ ಗಿಡಗಳು ಒಳ್ಳೆಯ ತೋಟದ ಮಣ್ಣಿನಲ್ಲೇ ಸೊರಗಿ ಸತ್ತವು. ಬ್ಲೂಬೆರಿಯನ್ನು ಪಳಗಿಸಲು ಆಗುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಯಿತು.

ಫ್ರೆಡರಿಕ್ ಕೋವಿಲ್ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ. ಅವರು 1906ರಲ್ಲಿ ಈ ಗಂಟು ಬಿಡಿಸಲು ಕೂತರು. ಗೊಬ್ಬರ, ಸುಣ್ಣ ಹಾಕಿದ ಫಲವತ್ತಾದ ಮಣ್ಣೇ ಈ ಗಿಡಕ್ಕೆ ಶತ್ರು ಎಂಬುದು ಅವರಿಗೆ ತಿಳಿಯಿತು. ಇದಕ್ಕೆ ಬೇಕಾದದ್ದು ಹುಳಿ ಮಣ್ಣು. ಪಿಎಚ್ ಲೆಕ್ಕದಲ್ಲಿ ಸುಮಾರು 4.5ರಿಂದ 5. ಬೇರೆ ಹೆಚ್ಚಿನ ಬೆಳೆಗಳು ಮುದುಡಿಕೊಳ್ಳುವ ಮಟ್ಟ ಅದು. ತಮ್ಮ ಪ್ರಯೋಗಗಳ ವಿವರವನ್ನು ಕೋವಿಲ್ 1910ರಲ್ಲಿ ಒಂದು ಸರ್ಕಾರಿ ಪುಸ್ತಿಕೆಯಾಗಿ ಪ್ರಕಟಿಸಿದರು.

ಅದು ಎಲಿಜಬೆತ್ ವೈಟ್ ಕೈಗೆ ಸಿಕ್ಕಿತು. ಇಲ್ಲಿಂದ ಮುಂದಿನದು ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ವೈಟ್ ಹುಟ್ಟಿದ್ದು 1871ರಲ್ಲಿ. ದಕ್ಷಿಣ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಎಂಬ ಮರಳು ನೆಲದ ಕಾಡಿನಲ್ಲಿ ಅವರ ತಂದೆಗೆ ಕ್ರ್ಯಾನ್‌ಬೆರಿ ತೋಟವಿತ್ತು. ವೈಟ್ಸ್‌ಬಾಗ್ ಎಂದು ಅದರ ಹೆಸರು. ಗೋಧಿಯಾಗಲಿ ಮೆಕ್ಕೆಜೋಳವಾಗಲಿ ಸರಿಯಾಗಿ ಬೆಳೆಯದ ಬಡ ನೆಲ. ಆದರೆ ಸುತ್ತಲಿನ ಕಾಡಿನಲ್ಲಿ ಬ್ಲೂಬೆರಿ ತಾನಾಗೇ ಹುಲುಸಾಗಿ ಬೆಳೆಯುತ್ತಿತ್ತು. 1911ರಲ್ಲಿ ವೈಟ್ ಕೋವಿಲ್ ಅವರಿಗೆ ಪತ್ರ ಬರೆದು, ಜಾಗ, ಆಳು ನಾವು ಕೊಡುತ್ತೇವೆ, ಪ್ರಯೋಗ ಇಲ್ಲೇ ಮಾಡಿ ಎಂದರು.

ಒಳ್ಳೆಯ ತಳಿ ಮಾಡಲು ಮೊದಲು ಒಳ್ಳೆಯ ಕಾಡು ಗಿಡ ಬೇಕಲ್ವಾ? ಅದನ್ನು ಹುಡುಕಲು ವೈಟ್ ಆ ಕಾಡಿನ ಇಂಚಿಂಚೂ ಬಲ್ಲ ಸ್ಥಳೀಯರನ್ನೇ ನೆಚ್ಚಿಕೊಂಡರು. ವರ್ಷವರ್ಷವೂ ಹಣ್ಣು ಕೀಳುತ್ತಿದ್ದ ಅವರಿಗೆ ಯಾವ ಗಿಡದ ಹಣ್ಣು ದಪ್ಪ, ಯಾವುದು ಸಿಹಿ ಎಂಬುದು ಬಾಯಿಪಾಠ. ವೈಟ್ ಈ ಸ್ಥಳೀಯರ ಕೈಗೆ ತೂತು ಕೊರೆದ ಒಂದು ಅಳತೆ ಪಟ್ಟಿ ಕೊಟ್ಟರು. ತೂತಿನ ಅಗಲ ಒಂದು ಇಂಚಿನ ಎಂಟನೇ ಐದು ಭಾಗ, ಅಂದರೆ ಸುಮಾರು 16 ಮಿಲಿಮೀಟರ್. ಆ ತೂತಿನಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಗಿಡ ತೋರಿಸಿದವರಿಗೆ ಹಣ. ಗಿಡಕ್ಕೆ ತೋರಿಸಿದವರ ಹೆಸರು. ರೂಬ್ ಲೀಕ್ ಎಂಬವರು ಹುಡುಕಿದ ಗಿಡ 'ರೂಬೆಲ್' ಆಯಿತು.

ಹೀಗೆ ಸಿಕ್ಕ ಗಿಡಗಳನ್ನು ವೈಟ್ಸ್‌ಬಾಗ್‌ಗೆ ತಂದು ತುಂಡರಿಸಿ ನೆಟ್ಟರು. ಬಹಳಷ್ಟು ಗಿಡಗಳು ಕೈಬಿಡಬೇಕಾದವೇ. ಉಳಿದ ಕೆಲವನ್ನು ಕೋವಿಲ್ ಒಂದರ ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ಅಡ್ಡತಳಿ ಮಾಡುತ್ತಾ ಹೋದರು. 1916ರಲ್ಲಿ ವೈಟ್ಸ್‌ಬಾಗ್‌ನಿಂದ ಮೊದಲ ಬಾರಿ ತೋಟದ ಬ್ಲೂಬೆರಿ ಮಾರುಕಟ್ಟೆಗೆ ಹೋಯಿತು. ಈಗ ನಮಗೆ ಸಿಗುವ ದಪ್ಪ ಹಣ್ಣಿನ ತಳಿಗಳ ವಂಶ ಹಿಡಿದು ಹೋದರೆ ಬಹಳಷ್ಟು ಆ ಕಾಡಿಗೇ ಮುಟ್ಟುತ್ತವೆ. ರೂಬೆಲ್ ಅನ್ನು ಇವತ್ತಿಗೂ ಬೆಳೆಯುತ್ತಾರೆ. ಕೋವಿಲ್ ಹೆಸರು ವಿಜ್ಞಾನದ ಪುಸ್ತಕಗಳಲ್ಲಿದೆ, ಇರಲೇಬೇಕು. ಆದರೆ ಕಾಡು ಸುತ್ತಿ ಆ ಗಿಡಗಳನ್ನು ತೋರಿಸಿದವರ ತಿಳಿವಳಿಕೆ ಇಲ್ಲದಿದ್ದರೆ ಕೋವಿಲ್ ಅವರ ಅಡ್ಡತಳಿ ಕೆಲಸಕ್ಕೆ ಕಚ್ಚಾ ಸಾಮಗ್ರಿಯೇ ಇರುತ್ತಿರಲಿಲ್ಲ.

ಹುಳಿ ಮಣ್ಣೇ ಯಾಕೆ? ಬ್ಲೂಬೆರಿಯ ಬೇರನ್ನು ಹತ್ತಿರದಿಂದ ನೋಡಿದರೆ ಉತ್ತರ ಸ್ವಲ್ಪ ತಿಳಿಯುತ್ತದೆ. ಬೇರೆ ಹೆಚ್ಚಿನ ಗಿಡಗಳ ಬೇರಿನ ತುದಿಯ ಹತ್ತಿರ ಕೂದಲಿನಂಥ ಎಳೆಗಳು ಇರುತ್ತವೆ, ನೀರು ಮತ್ತು ಪೋಷಕಾಂಶ ಹೀರುವುದಕ್ಕೆ. ಬ್ಲೂಬೆರಿಗೆ ಅವು ಇಲ್ಲ. ಅದರ ಬೇರೊಳಗೆ ಒಂದು ಬಗೆಯ ಶಿಲೀಂಧ್ರ ವಾಸ ಮಾಡುತ್ತದೆ. ಕೊಳೆತ ಎಲೆಕಡ್ಡಿಗಳಿಂದ ಸಾರಜನಕ ಬಿಡಿಸಿ ಗಿಡಕ್ಕೆ ಕೊಡುತ್ತದೆ, ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಕೋವಿಲ್ ಈ ಜೊತೆಗಾರಿಕೆಯನ್ನು ಆಗಲೇ ಗಮನಿಸಿದ್ದರು. ಮಣ್ಣಿನ ಹುಳಿ ಕಡಿಮೆಯಾದರೆ ಗಿಡಕ್ಕೆ ಕಬ್ಬಿಣದ ಅಂಶ ಎಳೆದುಕೊಳ್ಳಲು ಆಗುವುದಿಲ್ಲ. ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ಮಣ್ಣಿನ ಜೊತೆ ಚಳಿಯೂ ಬೇಕು. ಉತ್ತರದ, ಎತ್ತರವಾಗಿ ಬೆಳೆಯುವ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸುಮಾರು 800ರಿಂದ 1,000 ಗಂಟೆ ಸಿಗಬೇಕು. ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಬೆಂಗಳೂರಿನ ಮಹಡಿಯ ಕುಂಡದಲ್ಲಿ ಈ ತಳಿ ಹಣ್ಣು ಕೊಡದಿರುವುದಕ್ಕೆ ಇದೂ ಒಂದು ಕಾರಣ. ಕಡಿಮೆ ಚಳಿ ಸಾಕಾಗುವ ದಕ್ಷಿಣದ ತಳಿಗಳನ್ನು ಆಮೇಲೆ ಫ್ಲಾರಿಡಾದಲ್ಲಿ ಬೆಳೆಸಿದರು. ಅಂದ ಹಾಗೆ, ಬ್ಲೂಬೆರಿಯ ಹತ್ತಿರದ ನೆಂಟರು ನಮ್ಮ ಕಡೆಯೂ ಇದ್ದಾರೆ. ನೀಲಗಿರಿಯ ಶೋಲಾ ಕಾಡುಗಳಲ್ಲಿ ವ್ಯಾಕ್ಸಿನಿಯಮ್ ಲೆಶೆನೋಲ್ಟಿ ಎಂಬ ಗಿಡ್ಡ ಮರ ಬೆಳೆಯುತ್ತದೆ. ಬ್ಲೂಬೆರಿಯ ಕುಲವೂ ವ್ಯಾಕ್ಸಿನಿಯಮ್ಮೇ.

ಹೂವಿನದು ಇನ್ನೊಂದು ಸೊಗಸು. ಬಿಳಿ ಗಂಟೆಯಂತೆ ತಲೆಕೆಳಗಾಗಿ ತೂಗುವ ಈ ಹೂವಿನೊಳಗೆ ಪರಾಗ ಸಣ್ಣ ಕೊಳವೆಗಳಲ್ಲಿ ಅಡಗಿರುತ್ತದೆ. ಬಂಬಲ್‌ಬೀ ಜಾತಿಯ ದಪ್ಪ ದುಂಬಿ ಹೂವಿಗೆ ಜೋತುಬಿದ್ದು, ರೆಕ್ಕೆ ಆಡಿಸದೆ ಎದೆಯ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಝುಂಯ್ ಎಂಬ ಸದ್ದಿನ ಜೊತೆ ಪರಾಗ ಪುಡಿಪುಡಿಯಾಗಿ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಆದರೂ ತೋಟದವರು ಹೂ ಬಿಡುವ ಹೊತ್ತಿಗೆ ಜೇನುಪೆಟ್ಟಿಗೆಗಳನ್ನು ತಂದು ಸಾಲಾಗಿ ಇಡುತ್ತಾರೆ. ಸಂಖ್ಯೆ ಜಾಸ್ತಿ ಇದ್ದರೆ ಕೆಲಸ ಹೇಗೋ ಆಗುತ್ತದೆ.

ದಕ್ಷಿಣ ನ್ಯೂಜೆರ್ಸಿಯ ಹ್ಯಾಮಂಟನ್ ಊರು ತನ್ನನ್ನು ಜಗತ್ತಿನ ಬ್ಲೂಬೆರಿ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಜೂನ್ ನಡುವಿನಿಂದ ಡ್ಯೂಕ್ ತಳಿ, ಜುಲೈಯಲ್ಲಿ ಬ್ಲೂಕ್ರಾಪ್, ಕೊನೆಗೆ ಎಲಿಯಟ್. ನಾವೇ ಕಿತ್ತುಕೊಳ್ಳುವ ತೋಟಗಳಿಗೆ ಹೋದರೆ ಒಂದು ಮಾತು ನೆನಪಿಡಿ: ನೀಲಿಯಾದ ತಕ್ಷಣ ಹಣ್ಣು ಮಾಗಿದಂತಲ್ಲ. ತೊಟ್ಟಿನ ಹತ್ತಿರ ಕೆಂಪು ಉಂಗುರ ಉಳಿದಿದ್ದರೆ ಇನ್ನೂ ಹುಳಿ. ನೀಲಿಯಾದ ಮೇಲೂ ಕೆಲವು ದಿನ ಗಿಡದಲ್ಲೇ ಇದ್ದರೆ ಸಿಹಿ ತುಂಬುತ್ತದೆ. ಗೊಂಚಲಿನ ಕೆಳಗೆ ಅಂಗೈ ಒಡ್ಡಿ, ಹೆಬ್ಬೆರಳಿನಿಂದ ಸುಮ್ನೆ ಸವರಿ. ಮಾಗಿದ್ದು ತಾನಾಗಿ ಅಂಗೈಗೆ ಬೀಳುತ್ತದೆ, ಮಾಗದ್ದು ಗಿಡದಲ್ಲೇ ಉಳಿಯುತ್ತದೆ. ಕಿತ್ತ ಮೇಲೆ ಬಣ್ಣ ಬದಲಾದೀತು, ಸಿಹಿ ಮಾತ್ರ ಹೆಚ್ಚುವುದಿಲ್ಲ. ಹತ್ತಿರದ ತೋಟದ ಹಣ್ಣಿಗೆ ರುಚಿ ಹೆಚ್ಚು ಎನ್ನುವುದಕ್ಕೆ ಇದೇ ದೊಡ್ಡ ಕಾರಣ. ದೂರಕ್ಕೆ ಕಳಿಸುವ ಹಣ್ಣನ್ನು ಪೂರ್ತಿ ಮಾಗುವವರೆಗೆ ಕಾಯುವುದು ಬೆಳೆಗಾರರಿಗೆ ಕಷ್ಟ.

ಈಗ ಪೋಷಣೆಯ ಮಾತು. ಇಲ್ಲಿ ಪ್ರಚಾರ ಜಾಸ್ತಿ ಆಗಿದೆ, ಅದಕ್ಕೇ ಲೆಕ್ಕ ನೇರವಾಗಿ ನೋಡೋಣ. 100 ಗ್ರಾಂ ಹಣ್ಣಿನಲ್ಲಿ ಸುಮಾರು 84 ಗ್ರಾಂ ನೀರು, 10 ಗ್ರಾಂ ಸಕ್ಕರೆ, 2.4 ಗ್ರಾಂ ನಾರು, 57 ಕ್ಯಾಲೊರಿ. ವಿಟಮಿನ್ ಸಿ ಸುಮಾರು 10 ಮಿಲಿಗ್ರಾಂ. ಸೀಬೆಹಣ್ಣಿನಲ್ಲಿ ಇದರ ಇಪ್ಪತ್ತು ಪಟ್ಟು ಇರುತ್ತದೆ. ಬ್ಲೂಬೆರಿಯ ನಿಜವಾದ ಬಂಡವಾಳ ಸಿಪ್ಪೆಯಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣದ ವಸ್ತುಗಳು. ಹಣ್ಣು ಚಿಕ್ಕದಾದಷ್ಟೂ ತೂಕಕ್ಕೆ ಸಿಪ್ಪೆ ಹೆಚ್ಚು. ಹಾಗಾಗಿ ಅಮೆರಿಕದ ಮೇನ್ ರಾಜ್ಯದ ಕಾಡು ಬ್ಲೂಬೆರಿಯಲ್ಲಿ ಇವು ದಪ್ಪ ಹಣ್ಣಿಗಿಂತ ಹೆಚ್ಚು.

1999ರಲ್ಲಿ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ವಯಸ್ಸಾದ ಇಲಿಗಳಿಗೆ ಬ್ಲೂಬೆರಿ ಸತ್ವ ತಿನ್ನಿಸಿ, ಅವುಗಳ ನೆನಪು ಮತ್ತು ಚಲನೆ ಸುಧಾರಿಸಿದ್ದನ್ನು ವರದಿ ಮಾಡಿದರು. ಆಮೇಲೆ ಈ ಹಣ್ಣಿನ ಹೆಸರು ಎಲ್ಲ ಕಡೆ ಹಬ್ಬಿತು. ಆಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಗಳೂ ಬಂದವು. ಗಾಜಿನ ಕೊಳವೆಯಲ್ಲಿ ಅಳೆದ ಆ ಅಂಕಗಳನ್ನು ವ್ಯಾಪಾರಕ್ಕೆ ತಪ್ಪಾಗಿ ಬಳಸುತ್ತಿದ್ದಾರೆ ಎಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಪಟ್ಟಿಯನ್ನೇ ತೆಗೆದುಹಾಕಿತು. ಮನುಷ್ಯರ ಮೇಲಿನ ಪ್ರಯೋಗಗಳು ಇನ್ನೂ ಎಚ್ಚರದ ಮಾತಾಡುತ್ತವೆ. 2019ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗವೊಂದರಲ್ಲಿ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯ ಹೆಚ್ಚಿದ್ದವರು ದಿನಕ್ಕೆ ಒಂದು ಕಪ್, ಅಂದರೆ 150 ಗ್ರಾಂ ಬ್ಲೂಬೆರಿಗೆ ಸಮನಾದ ಪುಡಿಯನ್ನು ಆರು ತಿಂಗಳು ತಿಂದರು. ಅವರ ರಕ್ತನಾಳಗಳು ಸ್ವಲ್ಪ ಚೆನ್ನಾಗಿ ಹಿಗ್ಗತೊಡಗಿದವು. ಇನ್ಸುಲಿನ್ ಪ್ರತಿರೋಧದಲ್ಲಿ ಬದಲಾವಣೆ ಕಾಣಲಿಲ್ಲ. ಅರ್ಧ ಕಪ್ ತಿಂದವರಲ್ಲಿ ರಕ್ತನಾಳದ ಲಾಭವೂ ಕಾಣಲಿಲ್ಲ. ಖರ್ಚಿಗೆ ಬ್ಲೂಬೆರಿ ಉದ್ಯಮದ ಸಂಘವೂ ಹಣ ಕೊಟ್ಟಿತ್ತು ಎಂಬುದನ್ನೂ ಓದುಗರು ತಿಳಿದಿರಬೇಕು.

ಕರ್ನಾಟಕದಲ್ಲಿ ಕೂತು ದುಬಾರಿ ಡಬ್ಬಿ ಕೊಳ್ಳಲೋ ಬೇಡವೋ ಎಂದು ಯೋಚಿಸುವವರಿಗೆ ಒಂದು ವಿಷಯ. ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಎಂಬ ಆಂಥೋಸಯಾನಿನ್ ಬಗೆಗಳು ನಮ್ಮ ನೇರಳೆಹಣ್ಣಿನ ಸಿಪ್ಪೆಯಲ್ಲೂ ಇವೆ. ಸಸ್ಯಗಳಾಗಿ ಎರಡಕ್ಕೂ ನೆಂಟಸ್ತಿಕೆ ಇಲ್ಲ, ಬಣ್ಣ ಮಾತ್ರ ಒಂದೇ ಬಗೆಯದು. ನೇರಳೆ ಕಾಲದಲ್ಲಿ ಬ್ಲೂಬೆರಿಗೆ ಹಂಬಲಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಡುಗೆಮನೆಯಲ್ಲಿ ಈ ಬಣ್ಣದ ಸ್ವಭಾವ ಗೊತ್ತಿದ್ದರೆ ತುಂಬಾ ಉಪಯೋಗ. ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿಹಸಿರಾಗುತ್ತದೆ. ಸೋಡಾ ಹಾಕಿದ ಸಿಹಿ ಪಡ್ಡಿನ ಹಿಟ್ಟಿಗೆ ಬ್ಲೂಬೆರಿ ಬೆರೆಸಿ ನೋಡಿ. ಹಣ್ಣಿನ ಸುತ್ತ ಹಸಿರು ಕಲೆ ಮೂಡುತ್ತದೆ. ಹಾಳಾಗಿದೆ ಎಂದುಕೊಂಡು ಎಸೆಯಬೇಡಿ. ಸೋಡಾ ಕಡಿಮೆ ಮಾಡಿ, ಎರಡು ಚಮಚ ಮಜ್ಜಿಗೆ ಸೇರಿಸಿದರೆ ಮತ್ತೆ ನೇರಳೆಗೆ ತಿರುಗುತ್ತದೆ. ಹುಳಿ ಬಂದ ದೋಸೆ ಹಿಟ್ಟಿನಲ್ಲಿ ಈ ತೊಂದರೆಯೇ ಇರುವುದಿಲ್ಲ.

ಮಫಿನ್, ಜ್ಯಾಮ್ ಎಲ್ಲರೂ ಮಾಡುತ್ತಾರೆ. ನನಗೆ ಕೇಳಿದರೆ ಬ್ಲೂಬೆರಿಗೆ ಹೊಂದುವುದು ನಮ್ಮ ಸಾಸಿವೆ, ಮಾವಿನಹಣ್ಣಿಗೆ ಮಾಡುತ್ತೇವಲ್ಲ, ಅದೇ. ಎರಡು ಕಪ್ ಹಣ್ಣು ತೊಳೆದು, ಅರ್ಧದಷ್ಟನ್ನು ಕೈಯಲ್ಲೇ ಕಿವುಚಿ, ಉಳಿದದ್ದನ್ನು ಇಡಿಯಾಗಿ ಬಿಡಿ. ಅರ್ಧ ಕಪ್ ತೆಂಗಿನ ತುರಿ, ಅರ್ಧ ಚಮಚ ಹಸಿ ಸಾಸಿವೆ, ಹುರಿದ ಎರಡು ಬ್ಯಾಡಗಿ ಮೆಣಸಿನಕಾಯಿ ಸೇರಿಸಿ ತಣ್ಣೀರಿನಲ್ಲಿ ರುಬ್ಬಿ. ಸಾಸಿವೆ ಕಾಳು ಒಡೆದಾಗ ಅದರೊಳಗಿನ ಕಿಣ್ವ ನೀರಿನ ಜೊತೆ ಸೇರಿ ಆ ಮೂಗಿಗೆ ಏರುವ ಘಾಟನ್ನು ಹುಟ್ಟಿಸುತ್ತದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ, ಘಾಟು ಹುಟ್ಟುವುದೇ ಇಲ್ಲ. ಅದಕ್ಕೇ ಸಾಸಿವೆಯನ್ನು ಕುದಿಸುವುದಿಲ್ಲ. ರುಬ್ಬಿದ್ದನ್ನು ಹಣ್ಣಿಗೆ ಬೆರೆಸಿ, ಉಪ್ಪು, ಹಣ್ಣಿನ ಹುಳಿ ನೋಡಿಕೊಂಡು ಬೆಲ್ಲ ಹಾಕಿ, ಮೇಲೆ ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಬಿಸಿ ಅನ್ನಕ್ಕೆ ಕಲಸಿ ತಿನ್ನಿ. ಮೊಸರು ಬೆರೆಸಿದರೆ ತಿಳಿ ನೇರಳೆ ಬಣ್ಣದ ಮೊಸರು ಗೊಜ್ಜು.

ತೋಟದಿಂದ ಬಕೆಟ್ ತುಂಬಾ ತಂದರೆ ಎಲ್ಲವನ್ನೂ ಒಂದೇ ಸಲ ತೊಳೆಯಬೇಡಿ. ತೊಳೆದರೆ ಮೇಣ ಹೋಗುತ್ತದೆ, ತೇವ ಕೂತು ಬೇಗ ಬೂಸ್ಟು ಹಿಡಿಯುತ್ತದೆ. ಈ ವಾರ ತಿನ್ನುವಷ್ಟನ್ನು ಹಾಗೇ ಫ್ರಿಜ್ಜಿನಲ್ಲಿಡಿ, ತಿನ್ನುವ ಮುಂಚೆ ತೊಳೆಯಿರಿ. ಉಳಿದದ್ದನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ಗೆ ಹಾಕಿ, ಗೋಲಿಯಂತೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಆಗ ಒಂದಕ್ಕೊಂದು ಅಂಟುವುದಿಲ್ಲ. ಹಿಮದ ಹರಳು ಸಿಪ್ಪೆಯ ಕೋಶಗಳನ್ನು ಒಡೆದಿರುವುದರಿಂದ ಕರಗಿದಾಗ ರಸ ಜಾಸ್ತಿ ಬಿಡುತ್ತದೆ. ಬರೀ ಬಾಯಿಗೆ ಹಾಕಿಕೊಳ್ಳಲು ಅದು ಮೆತ್ತಗೆ, ಗೊಜ್ಜಿಗೂ ಸಾಸಿವೆಗೂ ತಾಜಾ ಹಣ್ಣಿಗಿಂತ ಅದೇ ವಾಸಿ.