ಸ್ಪ್ಯಾನರ್ ಕೆಳಗಿಡಿ, ಮೊದಲು ಹನಿ ಎಣಿಸಿ

ಜುಲೈ ಕೊನೆಯ ವಾರ ಮಲ್ಪೆಯಲ್ಲಿ ನನ್ನಂಥ ಮೆಕ್ಯಾನಿಕ್‌ಗೆ ಊಟಕ್ಕೂ ಪುರುಸೊತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳಲ್ಲಿ ಮಾಡಬೇಕಾದ ಕೆಲಸವನ್ನೆಲ್ಲ ಎಲ್ಲರೂ ಕೊನೆಯ ವಾರಕ್ಕೇ ಇಟ್ಟುಕೊಂಡಿರುತ್ತಾರೆ. ಆಗಸ್ಟ್ ಶುರುವಾದ ಮೇಲೆ ಬರುವ ಫೋನ್‌ಗಳದ್ದು ಹೆಚ್ಚಾಗಿ ಒಂದೇ ರಾಗ: "ಅಣ್ಣ, ಗ್ಲ್ಯಾಂಡಲ್ಲಿ ನೀರು ಬರ್ತಾ ಉಂಟು, ಎಷ್ಟು ಟೈಟ್ ಮಾಡಿದ್ರೂ ಪೂರ್ತಿ ನಿಲ್ತಾ ಇಲ್ಲ."

ಪೂರ್ತಿ ನಿಲ್ಲಬಾರದು ಮಾರಾಯ್ರೆ.

ಇಂಜಿನ್ ಬೋಟಿನ ಒಳಗೆ, ಫ್ಯಾನ್ ಹೊರಗೆ ನೀರಿನಲ್ಲಿ. ಪ್ರೊಪೆಲ್ಲರ್‌ಗೆ ನಾವು ಫ್ಯಾನ್ ಅಂತಲೇ ಹೇಳುವುದು. ಎರಡನ್ನೂ ಜೋಡಿಸುವ ಶಾಫ್ಟ್ ಬೋಟಿನ ಹಿಂಭಾಗದ ಕೊಳವೆ, ಅಂದರೆ ಸ್ಟರ್ನ್ ಟ್ಯೂಬಿನೊಳಗಿಂದ ಹಾದುಹೋಗುತ್ತದೆ. ಬೋಟಿಗೆ ನಾವೇ ಬೇಕೆಂದು ಕೊರೆದ ತೂತು ಅದು, ನೀರು ಒಳಗೆ ಬರಲು ನೋಡದೆ ಇರುತ್ತದಾ? ಅದನ್ನು ತಡೆಯುವುದಕ್ಕೆ ಟ್ಯೂಬಿನ ಒಳತುದಿಯಲ್ಲಿ ಒಂದು ಡಬ್ಬಿ, ಡಬ್ಬಿಯೊಳಗೆ ಶಾಫ್ಟಿನ ಸುತ್ತ ಗ್ರೀಸ್ ಹಿಡಿದ ಚೌಕ ಹಗ್ಗದ ಮೂರು ನಾಲ್ಕು ರಿಂಗು, ಅದನ್ನು ಒತ್ತಿ ಹಿಡಿಯಲು ಮುಂದೆ ಎರಡು ನಟ್ಟು. ಇಷ್ಟೇ ಗ್ಲ್ಯಾಂಡ್. ನಟ್ಟು ಬಿಗಿದಂತೆ ಹಗ್ಗ ಶಾಫ್ಟನ್ನು ಅಪ್ಪುತ್ತದೆ. ಆದರೆ ಶಾಫ್ಟ್ ತಿರುಗುತ್ತಾ ಇರುತ್ತದೆ, ಉಜ್ಜಾಟದಲ್ಲಿ ಬಿಸಿಯಾಗುತ್ತದೆ. ಆ ಬಿಸಿಯನ್ನು ತೆಗೆದುಕೊಂಡು ಹೋಗುವುದೇ ಒಸರುವ ನೀರು. ಅದನ್ನು ನಿಲ್ಲಿಸಿದರೆ ಪ್ಯಾಕಿಂಗ್, ಅಂದರೆ ಆ ಹಗ್ಗ, ಸುಡುತ್ತದೆ.

ಹಾಗಾದರೆ ಎಷ್ಟು ಹನಿ? ಇಂಜಿನ್ ಓಡುವಾಗ ನಿಮಿಷಕ್ಕೆ ಎರಡು ಮೂರು. ನಿಲ್ಲಿಸಿದಾಗ ಸುಮಾರಾಗಿ ನಿಂತುಬಿಡಬೇಕು. ಮೂರು ಹನಿ ಅಂದರೆ ಬೋಟು ಮುಳುಗುತ್ತದೇನೋ ಅನ್ನುವ ಹಾಗೆ ಕೆಲವರು ಮುಖ ಮಾಡುತ್ತಾರೆ. ಲೆಕ್ಕ ಹಾಕಿ ನೋಡಿ. ಹೆಚ್ಚುಕಡಿಮೆ 20 ಹನಿಗೆ 1 ಮಿ.ಲೀ. ನಿಮಿಷಕ್ಕೆ ಮೂರು ಹನಿ ಬಿದ್ದರೆ ದಿನವಿಡೀ ಇಂಜಿನ್ ಓಡಿದರೂ ಒಂದು ಲೋಟದಷ್ಟು ನೀರು. ಹತ್ತು ದಿನದ ಆಳ ಸಮುದ್ರದ ಟ್ರಿಪ್ಪಿಗೆ ಎರಡು ಲೀಟರ್ ಚಿಲ್ಲರೆ. ಮೀನಿನ ಐಸ್ ಕರಗಿ ಬೀಳುವ ನೀರು ಅದಕ್ಕಿಂತ ಎಷ್ಟೋ ಜಾಸ್ತಿ. ಹನಿ ಬಿಟ್ಟು ಧಾರೆಯಾಯಿತೋ, ಆಗ ಮಾತ್ರ ಕೈ ಹಾಕಿ.

ಕೈ ಹಾಕುವುದಕ್ಕೂ ಒಂದು ಕ್ರಮ ಇದೆ. ಇಂಜಿನ್ ನಿಲ್ಲಿಸಿ, ಲಾಕ್‌ನಟ್ ಸಡಿಲಿಸಿ, ಎರಡೂ ನಟ್ಟನ್ನು ಒಂದೊಂದು ಮುಖದಷ್ಟು, ಅಂದರೆ ಸುತ್ತಿನ ಆರನೇ ಒಂದು ಭಾಗ ತಿರುಗಿಸಿ. ಇಂಜಿನ್ ಹಾಕಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಒಂದೇ ನಟ್ಟು ಕೈಗೆ ಸಿಗುತ್ತದೆ ಅಂತ ಅದೊಂದನ್ನೇ ಬಿಗಿದರೆ ಮುಂದಿನ ತಟ್ಟೆ ಓರೆಯಾಗಿ ಶಾಫ್ಟಿಗೆ ತಾಗುತ್ತದೆ. ಕೊನೆಗೆ ಇಂಜಿನ್ ಮತ್ತೆ ನಿಲ್ಲಿಸಿ ಡಬ್ಬಿಯ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಟ್ಟು ಹಿಂದಕ್ಕೆ ಬಿಡಿ, ಇನ್ನೊಂದೆರಡು ಹನಿ ಬಿದ್ದರೆ ಬೀಳಲಿ. ತಿರುಗುತ್ತಿರುವ ಶಾಫ್ಟಿನ ಹತ್ತಿರ ಮಾತ್ರ ಕೈ ಒಯ್ಯಬೇಡಿ, ಲುಂಗಿ ಉಟ್ಟುಕೊಂಡಂತೂ ಬೇಡವೇ ಬೇಡ.

ಹೋದ ಸಲ ಒಂದು ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು, ಕರೆದರು. ವರ್ಷಕ್ಕೆ ಎರಡು ಸಲ ಪ್ಯಾಕಿಂಗ್ ಹಾಕಿಸಿದ್ದರಂತೆ, ಆದರೂ ಸೋರಿಕೆ. ಬೋಟು ಮೇಲೆ ಎಳೆದಿತ್ತು. ಗ್ಲ್ಯಾಂಡ್ ಬಿಚ್ಚಿ ಕೊಕ್ಕೆ ಹಾಕಿ ಎಳೆದೆ. ಮೊದಲ ಎರಡು ರಿಂಗು ಹೊಸದರಂತೆ ಮೆತ್ತಗೆ ಬಂದವು. ಇನ್ನೂ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕಪ್ಪಗೆ ಏನೋ ಮಿನುಗುತ್ತಿತ್ತು. ಡಬ್ಬಿಯ ತಳವೇ ಅಂದುಕೊಂಡೆ, ಕೊಕ್ಕೆಯಿಂದ ಕೆರೆದರೆ ಇದ್ದಿಲಿನ ಹಾಗೆ ಪುಡಿಪುಡಿಯಾಗಿ ಉದುರಿತು. ಯಾವ ಕಾಲದ ಪ್ಯಾಕಿಂಗೋ, ಸುಟ್ಟು ಕಲ್ಲಾಗಿ ಅಲ್ಲೇ ಕೂತಿತ್ತು. ಪ್ರತಿ ಸಲ ಬಂದವರು ಮುಂದಿನ ಎರಡು ರಿಂಗು ತೆಗೆದು ಹೊಸದು ಹಾಕಿ ದುಡ್ಡು ತೆಗೆದುಕೊಂಡು ಹೋಗಿದ್ದರು. ಶಾಫ್ಟಿನ ಮೇಲೆ ಉಗುರು ಎಳೆದರೆ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು, ಅಷ್ಟು ಆಳದ ಗೆರೆ. ಉಗುರು ಸಿಕ್ಕಿಕೊಳ್ಳುವ ಶಾಫ್ಟಿಗೆ ಎಂಥ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ. ಲೇತಿಗೆ ಕಳಿಸಿ ಸ್ಲೀವ್ ಹಾಕಿಸಬೇಕು, ಇಲ್ಲ ಶಾಫ್ಟೇ ಬದಲಿಸಬೇಕು. ಆರಂಭದಲ್ಲೇ ಎಲ್ಲ ರಿಂಗು ತೆಗೆದಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ.

ಹೊಸದು ಹಾಕುವಾಗ ಸೈಜನ್ನು ಅಂದಾಜಿನಲ್ಲಿ ತರಬೇಡಿ. ಡಬ್ಬಿಯ ಒಳ ವ್ಯಾಸದಲ್ಲಿ ಶಾಫ್ಟಿನ ವ್ಯಾಸ ಕಳೆದು ಅರ್ಧ ಮಾಡಿ: 70ರಲ್ಲಿ 50 ಹೋದರೆ 20, ಅರ್ಧ 10. ಆ ಶಾಫ್ಟಿಗೆ 10 ಮಿ.ಮೀ ಪ್ಯಾಕಿಂಗ್. 12 ತಂದು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ತುರುಕುವವರನ್ನು ನೋಡಿದ್ದೇನೆ. ಸರಿಯಾದ ಸೈಜಿನದ್ದನ್ನು ಶಾಫ್ಟಿನಷ್ಟೇ ದಪ್ಪದ ಪೈಪಿಗೆ ಸುತ್ತಿ, ಓರೆಯಾಗಿ ಕತ್ತರಿಸಿ, ಒಂದೊಂದೇ ರಿಂಗು ಕೂರಿಸಿ. ಒಂದರ ಜೋಡು ಮೇಲೆ ಬಂದರೆ ಮುಂದಿನದ್ದು ಪಕ್ಕಕ್ಕೆ ಬರಲಿ. ಸ್ಪ್ರಿಂಗಿನ ಹಾಗೆ ಉದ್ದಕ್ಕೆ ಸುತ್ತಿ ಬಿಟ್ಟರೆ ನೀರಿಗೆ ಸುತ್ತು ಮೆಟ್ಟಿಲು ಕಟ್ಟಿಕೊಟ್ಟಂತೆ. ಅಂಗಡಿಯವರು ಗ್ರಾಫೈಟ್ ಪ್ಯಾಕಿಂಗ್ ಒಳ್ಳೆಯದು ಅಂದರೆ ಸುಮ್ನೆ ತಂದುಬಿಡಬೇಡಿ, ಉಪ್ಪುನೀರಿನಲ್ಲಿ ಅದು ಶಾಫ್ಟಿನ ಲೋಹವನ್ನೇ ತಿನ್ನಬಹುದು. ಹೊಸ ಪ್ಯಾಕಿಂಗ್ ಮೊದಲ ದಿನ ಸ್ವಲ್ಪ ಧಾರಾಳವಾಗಿಯೇ ಸೋರಲಿ. ಕೂತ ಮೇಲೆ ಬಿಗಿ ಮಾಡಿದರಾಯಿತು.

ಪ್ಯಾಕಿಂಗ್ ಹೊಸದು, ಶಾಫ್ಟ್ ನುಣುಪು, ಆದರೂ ತಿಂಗಳಿಗೊಮ್ಮೆ ಸೋರುತ್ತದೆ ಅಂದರೆ ನಾನು ಗ್ಲ್ಯಾಂಡ್ ನೋಡುವುದೇ ಇಲ್ಲ. ಫ್ಯಾನ್ ಕಡೆ ಹೋಗಿ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸುತ್ತೇನೆ. ಆಟ ಕೈಗೆ ಚೆನ್ನಾಗಿ ಗೊತ್ತಾದರೆ ಶಾಫ್ಟನ್ನು ಹಿಡಿದಿರುವ ಹಿಂದಿನ ಬುಷ್ ಸವೆದಿದೆ, ಶಾಫ್ಟ್ ಒಳಗೆ ಕುಣಿಯುತ್ತಿದೆ, ಪ್ಯಾಕಿಂಗ್ ಪಾಪ ಏನು ಮಾಡೀತು? ಬಲೆ ಸುತ್ತಿಕೊಂಡು ಶಾಫ್ಟ್ ಬಗ್ಗಿರುವುದೂ ಉಂಟು. ಆಮೇಲೆ ಗೇರ್‌ಬಾಕ್ಸನ್ನು ಶಾಫ್ಟಿಗೆ ಜೋಡಿಸುವ ಕಪ್ಲಿಂಗ್ ಬಿಚ್ಚಿ, ಎರಡೂ ನೇರ ಇವೆಯಾ ಅಂತ ನೋಡಲು, ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ನಾಲ್ಕೂ ಕಡೆ ಅಳೆಯಬೇಕು. 100 ಮಿ.ಮೀ ಕಪ್ಲಿಂಗಿಗೆ ಒಂದು ಕಡೆಗೂ ಇನ್ನೊಂದು ಕಡೆಗೂ 0.1 ಮಿ.ಮೀಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದನ್ನು ಬೋಟು ನೀರಿಗಿಳಿದು ಒಂದೆರಡು ದಿನವಾದ ಮೇಲೆ ಮಾಡಿ, ಅದರಲ್ಲೂ ಮರದ್ದಾದರೆ. ದಡದಲ್ಲಿ ಮರದ ಕಟ್ಟೆಗಳ ಮೇಲೆ ಕೂತ ಬೋಟಿನ ಆಕಾರವೇ ಬೇರೆ, ನೀರಿನಲ್ಲಿ ತೇಲುವಾಗಿನದ್ದೇ ಬೇರೆ. ಮಳೆಯಲ್ಲಿ ದಡದ ಮೇಲೆ ಪಕ್ಕಾ ಮಾಡಿಕೊಟ್ಟ ಅಲೈನ್‌ಮೆಂಟ್ ಆಗಸ್ಟಿನಲ್ಲಿ ತಪ್ಪಿರುವುದನ್ನು ನೋಡಿ ಓನರ್ ಕೈಲಿ ನಾನೇ ಬೈಸಿಕೊಂಡಿದ್ದೇನೆ.

ಟೂರಿಸ್ಟ್ ಬೋಟಿನವರು ಹನಿಯೇ ಬೀಳದ ಹೊಸ ಸೀಲ್ ಕೇಳುತ್ತಾರೆ. ರಬ್ಬರ್ ಬೆಲೋಸ್ (ಮಡಿಕೆ ಮಡಿಕೆಯಾಗಿರುವ ಕೊಳವೆ), ಕಾರ್ಬನ್ ರಿಂಗು, ಅದಕ್ಕೆ ಒತ್ತಿ ತಿರುಗುವ ಸ್ಟೀಲ್ ರಿಂಗು. ಒಳ್ಳೆಯದೇ. ಆದರೆ ಬೋಟು ನೀರಿಗಿಳಿಸಿದ ತಕ್ಷಣ, ಇಂಜಿನ್ ಹಾಕುವ ಮೊದಲು, ಬೆಲೋಸನ್ನು ಕೈಯಲ್ಲಿ ಹಿಂದಕ್ಕೆ ಒತ್ತಿ ಒಳಗಿನ ಗಾಳಿ ಬಿಡಬೇಕು. ನೀರು ಚಿಮ್ಮಿದರೆ ಗಾಳಿ ಹೋಯಿತು ಅಂತ. ಗಾಳಿ ಉಳಿದರೆ ರಿಂಗು ಒಣಗಿಯೇ ಉಜ್ಜುತ್ತದೆ. ಗ್ಲ್ಯಾಂಡ್ ಹಾಳಾಗುವಾಗ ಹೇಳಿ ಹಾಳಾಗುತ್ತದೆ, ಬೆಲೋಸ್ ಹರಿದರೆ ಹೇಳುವುದಕ್ಕೆ ನಿಲ್ಲುವುದಿಲ್ಲ. ಹತ್ತು ದಿನ ಕಡಲಿನಲ್ಲಿರುವ ಬೋಟಿಗೆ ಅದಕ್ಕೇ ನಾನು ಈಗಲೂ ಹಗ್ಗವನ್ನೇ ಹೇಳುವುದು.

ಔಟ್‌ಬೋರ್ಡ್, ಅಂದರೆ ಹಿಂದೆ ಹೊರಗೆ ತೂಗುಹಾಕುವ ಇಂಜಿನ್, ಇರುವ ನಾಡದೋಣಿಯವರ ಕತೆ ಬೇರೆ. ಅಲ್ಲಿ ಸೀಲ್ ಕಾಯುವುದು ಗೇರ್ ಆಯಿಲನ್ನು. ದೋಣಿ ರಾತ್ರಿಯಿಡೀ ನಿಂತ ಮೇಲೆ ಗೇರ್ ಆಯಿಲ್ ಇಳಿಸುವ ಕೆಳಗಿನ ಪ್ಲಗ್ ಸ್ವಲ್ಪ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೂ ಅದೇ ಅರ್ಥ. ಫ್ಯಾನ್ ಬಿಚ್ಚಿ ನೋಡಿ, ಅದರ ಹಿಂದೆ ಶಾಫ್ಟಿಗೆ ನೈಲಾನ್ ದಾರ ಸುತ್ತಿಕೊಂಡಿರುತ್ತದೆ, ಕೂದಲಿನಷ್ಟು ಸಣ್ಣದು, ಆದರೆ ಸೀಲಿನ ತುಟಿಯನ್ನು ಬ್ಲೇಡಿನ ಹಾಗೆ ಕೊಯ್ದಿರುತ್ತದೆ. ಹೆಚ್ಚಿನವಕ್ಕೆ ಅಲ್ಲಿ ಎರಡು ಸೀಲ್, ಬೆನ್ನಿಗೆ ಬೆನ್ನು: ಒಂದರ ತುಟಿ ಆಯಿಲ್ ಕಡೆಗೆ, ಇನ್ನೊಂದರದ್ದು ನೀರಿನ ಕಡೆಗೆ. ಕೆಲಸ ಕಲಿಯುವಾಗ ಎರಡನ್ನೂ ಒಂದೇ ದಿಕ್ಕಿಗೆ ಹೊಡೆದು ಕೂರಿಸಿದ್ದೆ. ವಾರ ಕಳೆಯುವ ಮೊದಲು ದೋಣಿ ವಾಪಸ್ ಬಂತು, ಆಯಿಲ್ ಮತ್ತೆ ಚಹಾ.