ಶ್ವಾಸನಾಳದ ದುರಸ್ತಿ: ಸ್ಲೈಡ್ ಟ್ರೇಕಿಯೋಪ್ಲಾಸ್ಟಿಯ ಲೆಕ್ಕ ಮತ್ತು ರಕ್ತದ ದಾರಿ

ಶ್ವಾಸನಾಳವನ್ನು ಬರೀ ಕೊಳವೆ ಎಂದುಕೊಂಡರೆ ಈ ಅಧ್ಯಾಯ ತಲೆಗೆ ಹತ್ತುವುದಿಲ್ಲ. ವಯಸ್ಕರಲ್ಲಿ ಸುಮಾರು 11 ಸೆಂ.ಮೀ. ಉದ್ದ, 18ರಿಂದ 22 ಮೃದ್ವಸ್ಥಿ ಉಂಗುರಗಳು, ಹಿಂಬದಿಗೆ ಮೆತ್ತನೆಯ ಗೋಡೆ. ಇಷ್ಟು ಸುಲಭ. ಮುಖ್ಯವಾದದ್ದು ರಕ್ತ ಎಲ್ಲಿಂದ ಬರುತ್ತದೆ ಎಂಬುದು. ಮೇಲ್ಭಾಗಕ್ಕೆ ಇನ್‌ಫೀರಿಯರ್ ಥೈರಾಯ್ಡ್ ಧಮನಿ, ಕೆಳಭಾಗಕ್ಕೆ ಬ್ರಾಂಕಿಯಲ್ ಧಮನಿಗಳು. ಇವುಗಳ ಸಣ್ಣ ಕವಲುಗಳು ಎಡ, ಬಲ ಪಕ್ಕಗಳಿಂದಲೇ ಗೋಡೆಯೊಳಗೆ ಹೋಗುತ್ತವೆ. ನಾಳವನ್ನು ಸುತ್ತಲಿನ ಅಂಗಾಂಶದಿಂದ ಮುಂದೆ ಬಿಡಿಸಿ, ಹಿಂದೆ ಬಿಡಿಸಿ, ಪಕ್ಕ ಮುಟ್ಟಬೇಡಿ. ಮುಂದಿನದೆಲ್ಲ ಈ ಸಾಲಿನ ಮೇಲೆಯೇ ನಿಂತಿದೆ.

ಕತ್ತರಿಸಿ ಜೋಡಿಸುವುದು

ವೆಂಟಿಲೇಟರ್ ಟ್ಯೂಬಿನ ಕಫ್ (ಟ್ಯೂಬಿನ ಸುತ್ತ ಉಬ್ಬಿ ನಾಳದ ಗೋಡೆಗೆ ಒತ್ತಿ ಕೂರುವ ಗಾಳಿಚೀಲ) ಒತ್ತಡ 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿರಬೇಕು. ಅದನ್ನು ಮೀರಿ ಬಹಳ ಹೊತ್ತು ಉಳಿದರೆ ಒಳಪೊರೆಗೆ ರಕ್ತ ತಪ್ಪುತ್ತದೆ, ಮೃದ್ವಸ್ಥಿ ಸಾಯುತ್ತದೆ, ಗಾಯ ಮಾಗುವಾಗ ನಾಳ ಕಿರಿದಾಗುತ್ತದೆ. ಆ ತುಂಡನ್ನು ತೆಗೆದು ಎರಡು ತುದಿಗಳನ್ನು ಹೊಲಿಯುವುದೇ ಇಂದಿಗೂ ಮೊದಲ ಆಯ್ಕೆ. ವಯಸ್ಕರಲ್ಲಿ ಸುಮಾರು ಅರ್ಧ ಉದ್ದ, ಮಕ್ಕಳಲ್ಲಿ ಮೂರನೇ ಒಂದು ಭಾಗ: ಅದು ಮಿತಿ. ಕತ್ತು ಬಗ್ಗಿಸಿ, ಮುಂಭಾಗವನ್ನು ಬೆರಳಿನಿಂದ ಬಿಡಿಸಿದರೆ ತುದಿಗಳು ಹತ್ತಿರವಾಗುತ್ತವೆ. ಸಾಲದಿದ್ದರೆ ನಾಲಿಗೆಯ ಬುಡದ ಹಯಾಯ್ಡ್ ಮೂಳೆಯ ಮೇಲಿನ ಸ್ನಾಯುಗಳನ್ನು ಬಿಡಿಸಿ ಇನ್ನೊಂದೆರಡು ಸೆಂ.ಮೀ. ಗಳಿಸಬಹುದು. ಕತ್ತರಿಸಿದ ಅಂಚಿನಿಂದ 1 ಸೆಂ.ಮೀ.ಗಿಂತ ಹೆಚ್ಚು ಸುತ್ತಲೂ ಬಿಡಿಸಿದರೆ ಅಂಚೇ ರಕ್ತವಿಲ್ಲದೆ ಕೊಳೆಯುತ್ತದೆ. 4-0 ಅಳತೆಯ ಕರಗುವ ದಾರ ಬಳಸಿ, ಗಂಟುಗಳನ್ನು ಹೊರಗೇ ಹಾಕಬೇಕು. ಒಳಗಿನ ಗಂಟಿನ ಮೇಲೆ ಗ್ರ್ಯಾನುಲೇಷನ್ (ಗಾಯ ಮಾಗುವಾಗ ಉಬ್ಬುವ ಕೆಂಪು ಅಂಗಾಂಶ) ಬೆಳೆಯುತ್ತದೆ. ಗಲ್ಲವನ್ನು ಎದೆಗೆ ಕಟ್ಟುವ ಹೊಲಿಗೆ ಸುಮಾರು 7 ದಿನ ಇರುತ್ತದೆ.

ಸ್ಲೈಡ್ ಟ್ರೇಕಿಯೋಪ್ಲಾಸ್ಟಿ

ಹುಟ್ಟಿನಿಂದಲೇ ಉಂಗುರಗಳು ಹಿಂಬದಿಯಲ್ಲೂ ಪೂರ್ತಿ ಮುಚ್ಚಿಕೊಂಡು ಉದ್ದಕ್ಕೂ ಕಿರಿದಾದ ನಾಳಕ್ಕೆ ಕತ್ತರಿಸಿ ತೆಗೆಯುವ ದಾರಿಯಿಲ್ಲ. 1989ರಲ್ಲಿ ವರದಿಯಾದ ಈ ವಿಧಾನ ಏನನ್ನೂ ಎಸೆಯುವುದಿಲ್ಲ. ಕಿರಿದಾದ ಭಾಗವನ್ನು ನಟ್ಟನಡುವೆ ಅಡ್ಡಕ್ಕೆ ಕತ್ತರಿಸಿ. ಮೇಲಿನ ತುಂಡನ್ನು ಹಿಂಬದಿಯಲ್ಲಿ, ಕೆಳಗಿನದನ್ನು ಮುಂಬದಿಯಲ್ಲಿ ಉದ್ದಕ್ಕೆ ಸೀಳಿ. ಮೂಲೆಗಳನ್ನು ದುಂಡಗೆ ಮಾಡಿ, ಒಂದರ ಮೇಲೊಂದು ಜಾರಿಸಿ ಹೊಲಿಯಿರಿ.

ಎಡವುವುದು ಇಲ್ಲಿ: ಹೊಸ ಅಂಗಾಂಶ ಸೇರಿಸದೆ ಅಗಲ ಎಲ್ಲಿಂದ ಬಂತು? ಕಾಗದದ ಎರಡು ನಳಿಕೆ ಮಾಡಿ ನೋಡಿ. ಸೀಳಿದ ನಳಿಕೆ ಬಿಚ್ಚಿಕೊಂಡು ಹಾಳೆಯಾಗುತ್ತದೆ. ಹಾಳೆಯ ಅಗಲ ಅಂದರೆ ನಳಿಕೆಯ ಸುತ್ತಳತೆ. ಹಿಂದೆ ಸೀಳಿದ ಮೇಲಿನ ತುಂಡು ಹೊಸ ನಾಳದ ಮುಂಗೋಡೆ, ಮುಂದೆ ಸೀಳಿದ ಕೆಳಗಿನ ತುಂಡು ಹಿಂಗೋಡೆ. ಎರಡು ಹಾಳೆ ಸೇರಿ ಸುತ್ತಳತೆ ಇಮ್ಮಡಿ. ಅಗಲದ ಬೆಲೆಯನ್ನು ಉದ್ದ ತೆತ್ತಿದೆ, ಅಷ್ಟೇ. 4 ಸೆಂ.ಮೀ. ಉದ್ದ, 3 ಮಿ.ಮೀ. ವ್ಯಾಸದ ಭಾಗವು 2 ಸೆಂ.ಮೀ. ಉದ್ದ, 6 ಮಿ.ಮೀ. ವ್ಯಾಸದ್ದಾಗುತ್ತದೆ. ವಿಸ್ತೀರ್ಣ 7ರಿಂದ 28 ಚದರ ಮಿ.ಮೀ., ಅಂದರೆ ನಾಲ್ಕು ಪಟ್ಟು. ಗಾಳಿ ನೇರ ಪದರಗಳಲ್ಲಿ ಹರಿಯುತ್ತದೆಂದು ಹಿಡಿದರೆ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ: 16 ಪಟ್ಟು ಇಳಿಕೆ. ಉದ್ದವೂ ಅರ್ಧವಾದ್ದರಿಂದ 32. ಈ ಕೊನೆಯ 2ರ ಗುಣಕವನ್ನೇ ಮರೆಯುತ್ತೇವೆ. ಗೋಡೆಯ ದಪ್ಪವನ್ನು ಬಿಟ್ಟು ಮಾಡಿದ ಲೆಕ್ಕವಿದು. ನಿಜದಲ್ಲಿ ಲಾಭ ಇದಕ್ಕಿಂತ ಕಡಿಮೆ. ಕೆಲವರು ಮುಂದು-ಹಿಂದು ಅದಲುಬದಲು ಸೀಳುತ್ತಾರೆ, ಲೆಕ್ಕ ಅದೇ.

ಸೀಳಿದ್ದು ಮುಂದೆ ಮತ್ತು ಹಿಂದೆ, ಗಮನಿಸಿದಿರಾ? ಪಕ್ಕದ ರಕ್ತನಾಳಗಳು ಎರಡೂ ತುಂಡುಗಳಲ್ಲಿ ಹಾಗೇ ಉಳಿದವು. ಈ ವಿಧಾನದ ನಿಜವಾದ ಚೆಲುವು ಇದೇ. ಹೊಲಿಗೆಯಲ್ಲಿ ಅಂಚುಗಳು ಒಳಮುಖವಾಗಿ ಮಡಚಿಕೊಂಡರೆ ನಾಳದ ಅಡ್ಡನೋಟ ಇಂಗ್ಲಿಷಿನ 8ರ ಆಕಾರವಾಗಿ ಲಾಭ ಕರಗುತ್ತದೆ. ಅಂಚು ತುಸು ಹೊರಮುಖವಾಗಿರಲಿ.

ಪ್ರಯೋಗಾಲಯದ ನಾಳ

ಹೊಸ ನಾಳ ಬೆಳೆಸಲು ನಳಿಕೆಯಾಕಾರದ ಚೌಕಟ್ಟಿನ ಮೇಲೆ ರೋಗಿಯ ಜೀವಕೋಶ ಬಿತ್ತಿದರೆ ಸಾಲದು. ಲೋಮನಾಳದಿಂದ 0.2 ಮಿ.ಮೀ. ಆಚೆಗಿನ ಕೋಶಕ್ಕೆ ಆಮ್ಲಜನಕ ತಲುಪುವುದು ಕಷ್ಟ. ಒಳಪೊರೆಯಿಲ್ಲದ ಕಡೆ ಸಿಲಿಯಾ (ಶ್ಲೇಷ್ಮವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು) ಇಲ್ಲ. ಶ್ಲೇಷ್ಮ ನಿಲ್ಲುತ್ತದೆ, ಸೋಂಕು ತಗಲುತ್ತದೆ, ಗ್ರ್ಯಾನುಲೇಷನ್ ಮುಚ್ಚುತ್ತದೆ. ಶಸ್ತ್ರವೈದ್ಯ ಪಾವೊಲೊ ಮಕಿಯಾರಿನಿ ಸ್ವೀಡನ್ನಿನಲ್ಲಿ ಪ್ಲಾಸ್ಟಿಕ್ ಶ್ವಾಸನಾಳ ಹಾಕಿದ ಮೂವರೂ ತೀರಿಕೊಂಡರು. 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ಪಿಯರ್ ಡೆಲೇರ್ ತಂಡ ಬೆಲ್ಜಿಯಮ್ಮಿನಲ್ಲಿ ರಕ್ತವನ್ನೇ ಮೊದಲು ಕೂಡಿಸಿತು: ದಾನಿಯ ನಾಳವನ್ನು ರೋಗಿಯ ಮುಂಗೈಯ ಪೊರೆಯಲ್ಲಿ ಸುತ್ತಿ, ಸುಮಾರು 4 ತಿಂಗಳ ನಂತರ ಅದೇ ರಕ್ತನಾಳಗಳೊಂದಿಗೆ ಕತ್ತಿಗೆ ಸಾಗಿಸಿತು. 2010ರಲ್ಲಿ ಅದರ ವರದಿ ಬಂತು. 2021ರ ಜನವರಿಯಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿ ಎರಿಕ್ ಜೆಂಡನ್ ತಂಡ ಮುಂಗೈಯ ಹಂತವಿಲ್ಲದೆ, ದಾನಿಯ ನಾಳವನ್ನು ಅದರ ರಕ್ತನಾಳಗಳ ಸಮೇತ ತೆಗೆದು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿತು.